ಮುಕುರುವಿನಲ್ಲಿ ಚಪಾತಿ ಅಂಗಡಿ ಇಟ್ಟ ಕಥೆ

ಅಂಗಡಿ ನನ್ನದಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ದುಡ್ಡು ಕೊಟ್ಟಿದ್ದು ನಾನು, ಲೆಕ್ಕ ಬರೆದಿದ್ದು ನಾನು, ಸಾಮಾನು ತರೋಕೆ ಜೊತೆಗೆ ಅಲೆದಿದ್ದೂ ನಾನು. ಆದರೆ ನಾನು ಕೀನ್ಯಾದ ನೈರೋಬಿಯಲ್ಲಿ ಇದ್ದಿದ್ದು ನಮ್ಮನೆಯವರ ಕೆಲಸದ ಪರ್ಮಿಟ್ ಮೇಲೆ, ಡಿಪೆಂಡೆಂಟ್ ಪಾಸ್‌ನಲ್ಲಿ. ಆ ಪಾಸ್ ಇದ್ದವರು ಅಲ್ಲಿ ಕೆಲಸ ಮಾಡುವ ಹಾಗಿಲ್ಲ, ವ್ಯಾಪಾರ ಮಾಡುವ ಹಾಗೂ ಇಲ್ಲ. ಹಾಗಾಗಿ ಪಾಲು ಗೀಲು ಏನೂ ಇಲ್ಲ, ಬಡ್ಡಿಯಿಲ್ಲದ ಕೈಸಾಲ ಅಷ್ಟೇ. ಅಂಗಡಿ ಪೂರ್ತಿ ಮಾಮಾ ಅವರದು. ಅಲ್ಲಿ ಮಾಮಾ ಅಂದರೆ ಅಮ್ಮ, ಮಗುವಿನ ಹೆಸರು ಸೇರಿಸಿ ಎಲ್ಲ ಹೆಂಗಸರನ್ನೂ ಹಾಗೇ ಕರೆಯುತ್ತಾರೆ. ನನ್ನನ್ನೂ ನನ್ನ ಮಗಳ ಹೆಸರು ಸೇರಿಸಿ ಹಾಗೇ ಕರೆಯುತ್ತಿದ್ದರು. ಇವರ ಮಗನ ಹೆಸರನ್ನು ಇಲ್ಲಿ ಹಾಕುವುದಿಲ್ಲ, ಬರೀ ಮಾಮಾ ಅನ್ನುತ್ತೇನೆ.

ಮಾಮಾ ನಮ್ಮ ಮನೆಗೆ ಬಟ್ಟೆ ಒಗೆಯೋಕೆ ಬರುತ್ತಿದ್ದರು. ಅಂಥವರಿಗೆ ಅಲ್ಲಿ ಮಾಮಾ ಫುವಾ ಅನ್ನುತ್ತಾರೆ. ವಾಷಿಂಗ್ ಮಷೀನ್ ಇಲ್ಲದ ಮನೆಗಳೇ ಜಾಸ್ತಿ, ಹಾಗಾಗಿ ಬೆಳಗ್ಗೆ ಅಪಾರ್ಟ್‌ಮೆಂಟ್ ಗೇಟುಗಳ ಹತ್ತಿರ ಹೆಂಗಸರು ಗುಂಪಾಗಿ ಕೂತಿರುತ್ತಾರೆ, ಯಾರಾದರೂ ಕರೆದರೆ ಆ ದಿನಕ್ಕೆ ಕೂಲಿ. ಮಾಮಾಗೆ ಮೊದಲು ಒಂದು ಪುಟ್ಟ ಅಂಗಡಿ ಇತ್ತಂತೆ, ತರಕಾರಿದು. 2021ರ ಕೊನೆಗೆ ಮುಕುರು ಕ್ವಾ ನ್ಜೆಂಗಾ ಅನ್ನುವ ಕೊಳೆಗೇರಿಯಲ್ಲಿ ರಸ್ತೆಗೆ ಅಂತ ಸಾವಿರಾರು ಮನೆ ಕೆಡವಿದರಲ್ಲ, ಆಗ ಮನೆಯೂ ಹೋಯಿತು, ಅಂಗಡಿಯೂ ಹೋಯಿತು. ತಗಡು, ಮರ, ತಕ್ಕಡಿ ಯಾವುದನ್ನೂ ಎತ್ತಿಕೊಳ್ಳೋಕೆ ಆಗಲಿಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಅವರು ಮಾಡಿದ್ದೆಲ್ಲ ಇದರ ಮೇಲೆಯೇ ನಿಂತಿದೆ.

ನಾವಿದ್ದಿದ್ದು ಸೌತ್ ಬಿ ಅನ್ನುವ ಕಡೆ. ಒಂದು ಕಡೆ ನಮ್ಮಂಥವರ ಅಪಾರ್ಟ್‌ಮೆಂಟು, ಇನ್ನೊಂದು ಕಡೆ ಇಂಡಸ್ಟ್ರಿಯಲ್ ಏರಿಯಾ, ಮಧ್ಯೆ ನ್ಗೊಂಗ್ ನದಿಯ ಉದ್ದಕ್ಕೂ ತುಕ್ಕು ಹಿಡಿದ ತಗಡಿನ ಸಮುದ್ರ. ಅದೇ ಮುಕುರು. ಕ್ವಾ ನ್ಜೆಂಗಾ, ಕ್ವಾ ರೂಬೆನ್, ವಿವಾಂಡಾನಿ ಅಂತ ಭಾಗಗಳು. ಹೊರಗಿನವರಿಗೆ ನೈರೋಬಿಯ ಕೊಳೆಗೇರಿ ಅಂದರೆ ಕಿಬೇರಾ ಹೆಸರೊಂದೇ ಗೊತ್ತು, ಟೂರ್ ಬಸ್ಸುಗಳೂ ಅಲ್ಲಿಗೇ ಹೋಗುತ್ತವೆ. ಮುಕುರುವಿನ ನೆಲ ಬಹುಪಾಲು ಖಾಸಗಿಯವರ ಹೆಸರಲ್ಲಿದೆ. ಕಾರ್ಖಾನೆ ಕಟ್ಟೋಕೆ ಅಂತ ಹಿಂದೆ ಹಂಚಿದ ಜಾಗ, ಕಟ್ಟಲಿಲ್ಲ, ಜನ ಬಂದು ಸೇರಿಕೊಂಡರು. 2017ರಲ್ಲಿ ನೈರೋಬಿ ಕೌಂಟಿ ಇದನ್ನು ವಿಶೇಷ ಯೋಜನಾ ಪ್ರದೇಶ ಅಂತ ಘೋಷಿಸಿತು, ಆಮೇಲೆ ಒಂದಿಷ್ಟು ರಸ್ತೆ, ಚರಂಡಿ ಆಗಿವೆ. ಆದರೂ ಹತ್ತಡಿ-ಹತ್ತಡಿ ತಗಡಿನ ಕೋಣೆ, ಬಾಡಿಗೆಗೆ, ಅದೂ ನೆಲದ ಮಾಲೀಕನಿಗಲ್ಲ, ತಗಡು ನಿಲ್ಲಿಸಿದವನಿಗೆ.

ಮೊದಲ ಸಲ ಮಾಮಾ ಜೊತೆ ಒಳಗೆ ಹೋದಾಗ ನನಗೆ ಅನಿಸಿದ್ದು, ಇಲ್ಲಿ ವ್ಯಾಪಾರ ಮಾಡದೇ ಇರುವವರು ಯಾರಾದರೂ ಇದ್ದಾರಾ ಅಂತ. ಒಬ್ಬ ಮೊಬೈಲ್ ಚಾರ್ಜ್ ಮಾಡಿಕೊಡುತ್ತಾನೆ. ಒಬ್ಬಳು ಸುಕುಮಾ ಸೊಪ್ಪನ್ನು ಅಂಗೈ ಮೇಲೇ ಎಳೆ ಎಳೆಯಾಗಿ ಹೆಚ್ಚಿ ಕೊಡುತ್ತಾಳೆ, ಹೆಚ್ಚಿದ್ದಕ್ಕೆ ಬೇರೆ ದುಡ್ಡಿಲ್ಲ. ಇಪ್ಪತ್ತು ಲೀಟರ್ ಕ್ಯಾನಿನಲ್ಲಿ ನೀರು ಮಾರುವವರು, ಒಣಗಿಸಿದ ಓಮೆನಾ ಮೀನು ಮಾರುವವರು, ಕ್ಷೌರದ ಅಂಗಡಿ, ಫೋನಿನಲ್ಲೇ ದುಡ್ಡು ಕಳಿಸುವ ಎಂಪೆಸಾದ ಗೂಡು, ಇದ್ದಿಲಿನ ಡಬ್ಬಿ. ಅಡುಗೆ ಎಣ್ಣೆಯ ಮಷೀನ್ ಒಂದಿದೆ, ಎಟಿಎಂ ಅಂತಲೇ ಕರೆಯುತ್ತಾರೆ, ಹತ್ತು ಶಿಲ್ಲಿಂಗ್ ಕೊಟ್ಟರೆ ಹತ್ತು ಶಿಲ್ಲಿಂಗಿನಷ್ಟೇ ಎಣ್ಣೆ ಬಾಟಲಿಗೆ ಬೀಳುತ್ತದೆ. ಕೈ ಕೆಸರಾದರೆ ಬಾಯಿ ಮೊಸರು ಅಂತ ನಾವು ಆರಾಮಾಗಿ ಹೇಳುತ್ತೇವೆ. ಅಲ್ಲಿ ಎಲ್ಲರ ಕೈಯೂ ಕೆಸರೇ.

ಇದನ್ನು ಐವತ್ತು ವರ್ಷದ ಹಿಂದೆಯೇ ಹೇಳಿದವರಿದ್ದಾರೆ. ಘಾನಾದ ಅಕ್ರಾ ನಗರದ ನಿಮಾ ಬಡಾವಣೆಯನ್ನು ನೋಡಿ ಕೀತ್ ಹಾರ್ಟ್ ಅನ್ನುವ ಮಾನವಶಾಸ್ತ್ರಜ್ಞ ಇಂಥ ಲೆಕ್ಕಪತ್ರಕ್ಕೆ ಸಿಗದ ಸಣ್ಣ ದುಡಿಮೆಗೆ ‘ಇನ್‌ಫಾರ್ಮಲ್’ ಅನ್ನುವ ಹೆಸರು ತಂದ. 1972ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ಕೀನ್ಯಾ ಬಗ್ಗೆ ಕೊಟ್ಟ ವರದಿಯಿಂದ ಅದು ಎಲ್ಲ ಕಡೆ ಹರಡಿತು. ಕೀನ್ಯಾದಲ್ಲಿ ಕಷ್ಟ ಅಂದರೆ ಕೆಲಸ ಇಲ್ಲ ಅನ್ನೋದು ಮಾತ್ರ ಅಲ್ಲ, ಬೆಳಗಿಂದ ರಾತ್ರಿ ದುಡಿದರೂ ಸಾಕಾಗೋಲ್ಲ ಅನ್ನೋದು ಅಂತ ಆ ವರದಿಯೇ ಹೇಳಿತ್ತು. ನಮ್ಮನೆಯವರು ಮಾತ್ರ ‘ಇವರಿಗೆ ಸ್ವಲ್ಪ ಬಂಡವಾಳ ಸಿಕ್ಕರೆ ಸಾಕು ನೋಡು’ ಅನ್ನುತ್ತಿದ್ದರು. ನಾನೂ ಬಿ.ಕಾಂ. ಓದಿದವಳು, ನನಗೂ ಹಾಗೇ ಅನಿಸಿತ್ತು. 2022ರಲ್ಲಿ 12,000 ಶಿಲ್ಲಿಂಗ್ ಕೊಡೋದು ಅಂತ ಆಯಿತು. ಆಗ ಒಂದು ಶಿಲ್ಲಿಂಗ್ ಅಂದರೆ ನಮ್ಮ ಅರುವತ್ತೈದು, ಎಪ್ಪತ್ತು ಪೈಸೆ.

ಏನು ಮಾರೋದು ಅನ್ನೋದು ಮಾಮಾ ಒಂದೇ ನಿಮಿಷದಲ್ಲಿ ಹೇಳಿದರು. ಚಪಾತಿ. ಬೆಳಗ್ಗೆ ಮಂದಾಜಿ ಅನ್ನುವ ತಿಂಡಿ ಕರಿಯುವವರು ಆ ದಾರಿಯಲ್ಲಿ ಆಗಲೇ ಇದ್ದರು, ಎದುರಿಗೇ ಅದನ್ನೇ ಇಟ್ಟರೆ ಜಗಳ. ಸಂಜೆ ಫ್ಯಾಕ್ಟರಿ ಬಿಟ್ಟ ಮೇಲೆ ಜನ ನಡೆದುಕೊಂಡೇ ಮುಕುರುವಿಗೆ ಬರುತ್ತಾರೆ, ಬಸ್ಸಿಗೆ ದುಡ್ಡು ಹಾಕುವುದಿಲ್ಲ. ಮನೆಗೆ ಹೋಗಿ ಇದ್ದಿಲು ಹೊತ್ತಿಸಿ ಹಿಟ್ಟು ನಾದುವ ಹೊತ್ತಿಗೆ ರಾತ್ರಿಯಾಗುತ್ತೆ. ನಾಲ್ಕು ಚಪಾತಿ ಕಾಗದದಲ್ಲಿ ಸುತ್ತಿಸಿಕೊಂಡು ಹೋದರೆ ಮಕ್ಕಳಿಗೆ ಊಟ. ಜೊತೆಗೆ ನ್‌ಡೆಂಗು, ಅಂದರೆ ನಮ್ಮ ಹೆಸರುಕಾಳಿನ ಸಾರು, ತಟ್ಟೆ ಲೆಕ್ಕದಲ್ಲಿ.

ನನಗೆ ತಮಾಷೆ ಅನಿಸಿದ್ದು, ಚಪಾತಿ ಕೀನ್ಯಾದವರಿಗೆ ಈಗ ಅವರದೇ ತಿಂಡಿ. 1896ರಿಂದ 1901ರವರೆಗೆ ಮೊಂಬಾಸಾದಿಂದ ರೈಲು ಹಳಿ ಹಾಕೋಕೆ ಮೂವತ್ತು ಸಾವಿರಕ್ಕೂ ಹೆಚ್ಚು ಜನರನ್ನು ಭಾರತದಿಂದ ಕರೆದೊಯ್ದಿದ್ದರಲ್ಲ, ನೈರೋಬಿ ಹುಟ್ಟಿದ್ದೇ ಆ ರೈಲಿನ ಡಿಪೋ ಆಗಿ. ಭಾರತದಿಂದ ಹೋದವರ ಜೊತೆ ಹೋದ ಚಪಾತಿ ಅಲ್ಲೇ ಉಳಿದುಕೊಂಡು ಬದಲಾಯಿತು. ಕ್ರಿಸ್ಮಸ್‌ಗೆ ಚಪಾತಿ ಇಲ್ಲದ ಮನೆ ಅಲ್ಲಿ ಕಡಿಮೆ. ನನ್ನ ಧಾರವಾಡದ ಚಪಾತಿಯನ್ನು ಮಾಮಾ ಒಂದು ಸಲ ತಿಂದು, ‘ಇದು ಕಾಯಿಲೆಯವರಿಗೆ ಚೆನ್ನಾಗಿರುತ್ತೆ’ ಅಂದರು. ಅಲ್ಲಿ ಮೈದಾ ಹಿಟ್ಟಿಗೆ ಬಿಸಿನೀರು, ಉಪ್ಪು, ಸ್ವಲ್ಪ ಸಕ್ಕರೆ, ಎಣ್ಣೆ. ನಾದಿ, ಲಟ್ಟಿಸಿ, ಮೇಲೆ ಎಣ್ಣೆ ಸವರಿ, ಹಗ್ಗದ ಹಾಗೆ ಸುತ್ತಿ, ಸುರುಳಿ ಮಾಡಿ ಇಟ್ಟು, ಮತ್ತೆ ಲಟ್ಟಿಸಿ, ಎರಡೂ ಕಡೆ ಎಣ್ಣೆ ಹಾಕಿ ಬೇಯಿಸಬೇಕು. ಪದರ ಪದರ ಬಿಡಬೇಕು, ಕೈಯಲ್ಲಿ ಹಿಡಿದರೆ ಜೋತುಬೀಳಬೇಕು. ಬಿರುಸಾದರೆ ಮುಖದ ಮೇಲೇ ಹೇಳಿ ವಾಪಸ್ ಕೊಡುತ್ತಾರೆ.

ಸಾಮಾನಿಗೆ ಕಮುಕುಂಜಿಗೆ ಹೋದೆವು. ಗಿಕೊಂಬಾ ಮಾರುಕಟ್ಟೆ ಪಕ್ಕ. ಇಂಥ ಬಯಲು ಕಸುಬಿನವರನ್ನು ಜುವಾ ಕಾಲಿ ಅನ್ನುತ್ತಾರೆ, ಸುಡುಬಿಸಿಲಿನವರು. ಒಳಗೆ ಕಾಲಿಟ್ಟರೆ ಸುತ್ತಿಗೆ ಸದ್ದು, ಪಕ್ಕದವರು ಹೇಳಿದ್ದು ಕೇಳಲ್ಲ. ಹಳೇ ಎಣ್ಣೆ ಡ್ರಮ್ಮು ಒಡೆದು ತಟ್ಟಿ ಒಲೆ ಮಾಡುತ್ತಾರೆ, ಪಾತ್ರೆ, ಕೈಗಾಡಿ, ಶಾಲೆ ಹಾಸ್ಟೆಲಿಗೆ ಹೋಗುವ ಮಕ್ಕಳ ತಗಡಿನ ಟ್ರಂಕು, ಆಲೂಗಡ್ಡೆ ಹೆಚ್ಚುವ ಮಷೀನು, ಎಲ್ಲ ಅಲ್ಲೇ. ಮಾಮಾ ಚಪಾತಿ ಕಾವಲಿ ಆರಿಸಿದ್ದನ್ನು ನಾನು ಮರೆಯಲ್ಲ. ಮೊದಲು ಬೆರಳ ಗೆಣ್ಣಿನಿಂದ ತಟ್ಟಿ ಸದ್ದು ಕೇಳಿದರು. ಆಮೇಲೆ ನೆಲದಲ್ಲಿ ಸಮತಟ್ಟಾದ ಕಲ್ಲು ಹುಡುಕಿ ಅದರ ಮೇಲೆ ಕವುಚಿ ಇಟ್ಟು, ಒಂದೊಂದು ಅಂಚನ್ನು ಒತ್ತಿದರು. ಒಂದು ಕಡೆ ಕೂದಲೆಳೆಯಷ್ಟು ಎದ್ದಿತು. ‘ಎಣ್ಣೆ ಎಲ್ಲ ಈ ಕಡೆ ಓಡುತ್ತೆ, ಒಂದು ಕಡೆ ಸೀಯುತ್ತೆ, ಇನ್ನೊಂದು ಕಡೆ ಹಸಿ’ ಅಂದರು. ಮಾಡಿದವನು ನಗುತ್ತಾ ಅದನ್ನು ತಗೊಂಡು ಎರಡೇಟು ಹಾಕಿ ಸರಿ ಮಾಡಿ ಕೊಟ್ಟ. ರೇಟಿನಲ್ಲಿ ಚೌಕಾಸಿ ಮಾಡಿದ್ದು ಸ್ವಲ್ಪವೇ. ಒಲೆ ಮಾತ್ರ ಒಳಗೆ ಮಣ್ಣಿನ ಪದರ ಇರುವುದೇ ಬೇಕು ಅಂದರು, ಬರೀ ತಗಡಿನದು ಇದ್ದಿಲು ತಿಂದುಹಾಕುತ್ತೆ. ಅಂಥ ಮಣ್ಣಿನ ಒಲೆ ಕೀನ್ಯಾದಲ್ಲಿ 1980ರ ದಶಕದಿಂದ ಬಂದಿದ್ದು.

ಮೇಜಿನ ವಿಷಯಕ್ಕೆ ನಮ್ಮಿಬ್ಬರಿಗೆ ಮೊದಲ ಜಟಾಪಟಿ. ಮೇಲೆ ತಗಡು, ನಾಲ್ಕು ಕಂಬ, ಮೂರು ಕಡೆ ಮರೆ, ಒಂದು ಬೆಂಚು ಇರಲಿ, ಮಳೆ ಬಂದರೂ ಜನ ಕೂತು ತಿನ್ನುತ್ತಾರೆ ಅಂತ ನಾನು. ಅವರು ಸುತಾರಾಂ ಒಪ್ಪಲಿಲ್ಲ. ಬಡಗಿಯಿಂದ ಕಾಲು ಮಡಚುವ ಮೇಜು ಮಾಡಿಸಿದರು, ಮೇಲೆ ದೊಡ್ಡ ಛತ್ರಿ, ಅಷ್ಟೇ. ‘ಇಬ್ಬರು ಸೇರಿ ಒಂದೇ ಸಲಕ್ಕೆ ಎತ್ತಿಕೊಂಡು ಓಡೋಕೆ ಆಗದ್ದನ್ನು ನಾನು ಕೊಳ್ಳಲ್ಲ’ ಅಂದರು. ತಗಡಿಗೆ ಅಂತ ನಾನು ತೆಗೆದಿಟ್ಟಿದ್ದ ದುಡ್ಡು ವಾಪಸ್ ನನ್ನ ಕೈಗೆ ಬಂತು.

ಕಾಗದದ ಕೆಲಸ ಅಷ್ಟೇನೂ ಹೇಳುವಂಥದ್ದಲ್ಲ. ಅಡುಗೆ ಮಾರುವವರಿಗೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಮಲ ಮೂತ್ರ ಪರೀಕ್ಷೆ ಮಾಡಿಸಿ ಫೀ ಕಟ್ಟಬೇಕು, ಆರು ತಿಂಗಳಿಗೊಮ್ಮೆ ಹೊಸದು. ಕೌಂಟಿಯ ವ್ಯಾಪಾರ ಪರ್ಮಿಟ್ ಬೇರೆ, ಅದಕ್ಕೆ ಮೊಬೈಲಿನಲ್ಲೇ ದುಡ್ಡು ಕಟ್ಟಬಹುದು. ಒಳಗಿನ ಓಣಿಗಳಲ್ಲಿ ಎಷ್ಟೋ ಜನ ಇದ್ಯಾವುದೂ ಇಲ್ಲದೆ ನಡೆಸುತ್ತಾರೆ. ಮಾಮಾ ಮಾತ್ರ ಪ್ರಮಾಣಪತ್ರವನ್ನು ಪ್ಲಾಸ್ಟಿಕ್ ಕವರಿಗೆ ಹಾಕಿ ಮೇಜಿಗೆ ನೇತುಹಾಕಿದರು. ಗಿರಾಕಿಗಳಿಗೋಸ್ಕರ ಅಲ್ಲ, ಬಂದು ಕೇಳುವವರಿಗೋಸ್ಕರ.

ಜಾಗ ಸಿಗೋದೇ ಕಷ್ಟ. ದುಡ್ಡು ಕೊಟ್ಟರೆ ಸಿಗುತ್ತೆ ಅಂತಲ್ಲ. ಆ ದಾರಿಯ ಬದಿಯಲ್ಲಿ ಯಾರ ಮನೆ ಮುಂದೆ ಕೂರುತ್ತೀರೋ ಅವರಿಗೆ ದಿನಕ್ಕೆ 100, ಅಕ್ಕಪಕ್ಕದ ವ್ಯಾಪಾರದವರ ಒಪ್ಪಿಗೆ ಬೇರೆ. ಎಡಪಕ್ಕದಲ್ಲಿ ಟೊಮೆಟೊ ಮಾರುವಾಕೆ ಮೊದಲೇ ಹೇಳಿದಳು, ‘ಚಪಾತಿ ಮಾರು, ಅವಕಾಡೊ ಇಡಬೇಡ.’ ಬರೆದ ಕಾಗದ ಇಲ್ಲ, ಆದರೆ ಯಾರೂ ಅದನ್ನು ಮೀರಲ್ಲ. ಪ್ರತಿಯಾಗಿ ಮಾಮಾ ನೀರು ತರೋಕೆ ಹೋದಾಗ ಆಕೆ ಒಲೆ ನೋಡಿಕೊಳ್ಳುತ್ತಿದ್ದಳು.

ಇನ್ನು ಲೆಕ್ಕ. ನಾನು ನೂರು ಪುಟದ ನೋಟ್‌ಬುಕ್ ಕೊಟ್ಟಿದ್ದೆ, ಸಂಜೆ ಅವರು ಫೋನಿನಲ್ಲಿ ಹೇಳುತ್ತಿದ್ದರು, ನಾನು ನನ್ನದರಲ್ಲೂ ಬರೆದುಕೊಳ್ಳುತ್ತಿದ್ದೆ. ಸಾಧಾರಣ ಒಂದು ದಿನ ಹೀಗಿರುತ್ತಿತ್ತು. ಎರಡು ಕಿಲೋ ಹಿಟ್ಟಿನ ಪ್ಯಾಕೆಟ್ ನಾಲ್ಕು, ಒಂದೊಂದು 205. ಉಕ್ರೇನ್ ಯುದ್ಧ ಶುರುವಾದ ವರ್ಷ ಅದು, ಗೋಧಿ, ಎಣ್ಣೆ ಎರಡಕ್ಕೂ ಬೆಂಕಿ ಬಿದ್ದಿತ್ತು. ಎಣ್ಣೆ 250, ಇದ್ದಿಲು 160, ನೀರು 30. ಒಟ್ಟು 1,260. ಪ್ಯಾಕೆಟ್ಟಿಗೆ 22ರಂತೆ 88 ಚಪಾತಿ, ಸೀದದ್ದು, ಮಗ ತಿಂದಿದ್ದು, ಮುರಿದದ್ದು ಬಿಟ್ಟರೆ 84. ಚಪಾತಿಗೆ 20, ಕೈಗೆ ಬಂದದ್ದು 1,680. ಉಳಿದದ್ದು 420, ಜಾಗಕ್ಕೆ 100 ಹೋದರೆ 320. ಹೆಸರುಕಾಳಿನಿಂದ ಇನ್ನೊಂದು ನೂರು ಚಿಲ್ಲರೆ. ಬೆಳಗ್ಗೆ ನೀರು ಹೊರುವುದರಿಂದ ಹಿಡಿದು ರಾತ್ರಿ ಎಂಟರವರೆಗೆ ದುಡಿದರೆ ಇಷ್ಟು, ಒಬ್ಬರ ಮನೆಯಲ್ಲಿ ಬಟ್ಟೆ ಒಗೆದರೆ ಬರುವಷ್ಟೇ ಹತ್ತಿರ ಹತ್ತಿರ. ವ್ಯತ್ಯಾಸ ಒಂದೇ, ಗೇಟಿನ ಹತ್ತಿರ ಕಾಯುತ್ತಾ ಕೂರಬೇಕಿಲ್ಲ.

ನನ್ನ ಬಿ.ಕಾಂ. ತಲೆ ಸುಮ್ನೆ ಇರುತ್ತಾ? ಹನ್ನೆರಡು ಪ್ಯಾಕೆಟ್ಟಿನ ಬೇಲ್ ಇಡಿಯಾಗಿ ತಂದರೆ ಪ್ಯಾಕೆಟ್ಟಿಗೆ ಹತ್ತು ಶಿಲ್ಲಿಂಗ್ ಉಳಿಯುತ್ತೆ. ಎಣ್ಣೆ ಮಷೀನಿನಿಂದ ಚೂರು ಚೂರು ತರುವ ಬದಲು ದೊಡ್ಡ ಕ್ಯಾನ್ ತಂದರೆ ಇನ್ನೂ ಜಾಸ್ತಿ ಉಳಿಯುತ್ತೆ. ಬಡವರಿಗೆ ಎಲ್ಲವೂ ದುಬಾರಿ, ಏಕೆಂದರೆ ಅವರು ಎಲ್ಲವನ್ನೂ ಚಿಲ್ಲರೆಯಲ್ಲಿ ಕೊಳ್ಳುತ್ತಾರೆ ಅಂತ ಓದಿದ್ದು ಕಣ್ಣೆದುರಿಗೇ ಇತ್ತು. ದುಡ್ಡು ಕೊಡುತ್ತೇನೆ, ಬೇಲ್ ತನ್ನಿ ಅಂದೆ. ತಂದರು ಒಂದು ಸಲ. ಮತ್ತೆ ತರಲಿಲ್ಲ.

ಏಕೆ ಅಂತ ಅವರು ಬಿಡಿಸಿ ಹೇಳಿದ್ದು ಹೀಗೆ. ಕೋಣೆ ಹತ್ತಡಿ, ಮಂಚದ ಕೆಳಗೆ ಇಲಿ, ಗೋಡೆ ತಗಡು, ಮಳೆಗಾಲದಲ್ಲಿ ನೆಲ ಬೆವರುತ್ತೆ. ಅದಾದರೂ ಹೇಗೋ ತಡೆಯಬಹುದು. ಬೇಲ್ ಹೊತ್ತು ತಂದಿದ್ದನ್ನು ಇಡೀ ಓಣಿ ನೋಡುತ್ತೆ. ಅತ್ತಿಗೆ ಬಂದು ಒಂದು ಪ್ಯಾಕೆಟ್ ಕೇಳುತ್ತಾಳೆ, ಪಕ್ಕದ ಮನೆಯ ಮಗುವಿಗೆ ಜ್ವರ, ಅವರು ಇನ್ನೊಂದು ಕೇಳುತ್ತಾರೆ. ಇಲ್ಲ ಅನ್ನೋಕೆ ಆಗಲ್ಲ, ಏಕೆಂದರೆ ಕಣ್ಣಿಗೆ ಕಾಣುತ್ತಿದೆ. ನಾಳೆ ತನಗೆ ಕಷ್ಟ ಬಂದರೆ ಹೋಗಬೇಕಾಗಿರೋದೂ ಅವರ ಹತ್ತಿರವೇ. ‘ಅಂಗಡಿಯವನ ಹತ್ತಿರ ನನ್ನ ಹಿಟ್ಟು ಇರಲಿ. ಅವನು ಹತ್ತು ಶಿಲ್ಲಿಂಗ್ ಜಾಸ್ತಿ ತಗೊಳ್ಳಲಿ, ಕಾವಲು ಕೂಲಿ ಅಂದುಕೊಳ್ತೀನಿ’ ಅಂದರು. ನನಗೆ ತಿರುಗಿ ಹೇಳೋಕೆ ಏನೂ ಹೊಳೆಯಲಿಲ್ಲ. ಯಾವ ಮೈಕ್ರೋಫೈನಾನ್ಸ್ ತರಬೇತಿಯಲ್ಲೂ ಇದನ್ನು ಹೇಳಿಕೊಟ್ಟಿದ್ದು ನಾನು ಕೇಳಿಲ್ಲ.

ದುಡ್ಡನ್ನೂ ಹೀಗೇ ಕಣ್ಣಿಗೆ ಬೀಳದ ಹಾಗೆ ಇಡುತ್ತಿದ್ದರು. ಎಂಪೆಸಾ 2007ರಲ್ಲಿ ಬಂದಿದ್ದು, ನಮ್ಮಲ್ಲಿ ಯುಪಿಐ ಬರೋಕೆ ಎಷ್ಟೋ ವರ್ಷ ಮೊದಲಿನ ಮಾತು ಅದು, ಈಗ ಮುಕುರುವಿನಲ್ಲಿ ಇಪ್ಪತ್ತು ಶಿಲ್ಲಿಂಗಿಗೂ ಜನ ಫೋನು ತೆಗೆಯುತ್ತಾರೆ. ಎಂಪೆಸಾದಿಂದ ಕೀನ್ಯಾದಲ್ಲಿ 1,94,000 ಕುಟುಂಬಗಳು ಕಡುಬಡತನದಿಂದ ಮೇಲೆ ಬಂದವು ಅಂತ 2016ರಲ್ಲಿ ತವನೀತ್ ಸೂರಿ, ವಿಲಿಯಂ ಜ್ಯಾಕ್ ಅನ್ನುವ ಅರ್ಥಶಾಸ್ತ್ರಜ್ಞರು ಲೆಕ್ಕ ಹಾಕಿದ್ದರು, ಅದರಲ್ಲಿ ಹೆಂಗಸರು ನಡೆಸುವ ಮನೆಗಳಿಗೇ ಹೆಚ್ಚು ಲಾಭ ಅಂತ. ಇರಬಹುದು. ಊರಿಂದ ಅಣ್ಣ ಕಷ್ಟಕಾಲದಲ್ಲಿ ಅದೇ ನಿಮಿಷ ದುಡ್ಡು ಕಳಿಸಬಹುದು ಅನ್ನೋದು ಸಣ್ಣ ಮಾತಲ್ಲ. ಆದರೆ ಮಾಮಾ ತಮ್ಮ ಸ್ವಂತ ಎಂಪೆಸಾ ಲೈನಿಗೆ ಗಿರಾಕಿಗಳ ದುಡ್ಡು ಹಾಕಿಸಿಕೊಳ್ಳುತ್ತಿರಲಿಲ್ಲ. ಫುಲಿಜಾ ಅನ್ನುವ ಓವರ್‌ಡ್ರಾಫ್ಟ್ ಇದೆ, 2019ರಿಂದ. ದುಡ್ಡು ಸಾಲದಿದ್ದರೆ ತಾನೇ ಸೇರಿಸಿ ಕಳಿಸುತ್ತೆ, ಆಮೇಲೆ ನಿಮ್ಮ ಲೈನಿಗೆ ಬರುವ ಮೊದಲ ದುಡ್ಡಿನಿಂದ ತಾನೇ ಮುರಿದುಕೊಳ್ಳುತ್ತೆ. ಮಗನ ಶಾಲೆ ಫೀಸಿಗೆ ಅವರು ಅದನ್ನು ಬಳಸಿದ್ದರು. ಚಪಾತಿ ದುಡ್ಡು ಅದೇ ಲೈನಿಗೆ ಬಂದರೆ ನಾಳೆ ಹಿಟ್ಟಿಗೆ ಎಲ್ಲಿಂದ ತರೋದು? ಹಾಗಾಗಿ ವ್ಯಾಪಾರಕ್ಕೇ ಬೇರೆ ಪೋಚಿ ಮಾಡಿಕೊಂಡರು, ಎಂಪೆಸಾದಲ್ಲೇ ವ್ಯಾಪಾರದ ದುಡ್ಡಿಗೆ ಇರುವ ಪ್ರತ್ಯೇಕ ಖಾತೆ ಅದು. ಅದರಲ್ಲಿ ಇನ್ನೊಂದು ಅನುಕೂಲ, ತಿಂದು ಹೋದವನು ‘ತಪ್ಪಿ ಕಳಿಸಿಬಿಟ್ಟೆ’ ಅಂತ ಸುಲಭಕ್ಕೆ ವಾಪಸ್ ಎಳೆದುಕೊಳ್ಳೋಕೆ ಆಗಲ್ಲ.

2022ರ ನವೆಂಬರ್ 30ಕ್ಕೆ ಕೀನ್ಯಾದ ಅಧ್ಯಕ್ಷ ರುಟೊ ಹಸ್ಲರ್ ಫಂಡ್ ಅನ್ನುವ ಸರ್ಕಾರಿ ಸಾಲದ ಯೋಜನೆ ಶುರುಮಾಡಿದರು. ಗೇಟಿನ ಕಾವಲುಗಾರನಿಂದ ಹಿಡಿದು ಎಲ್ಲರ ಬಾಯಲ್ಲೂ ಅದೇ. 500ರಿಂದ 50,000ದವರೆಗೆ ಸಾಲ, ವರ್ಷಕ್ಕೆ ಶೇಕಡ 8 ಬಡ್ಡಿ, ಫೋನಿನಲ್ಲಿ ಒಂದು ನಂಬರ್ ಒತ್ತಿದರೆ ಸಾಕು. ಬಡ್ಡಿ ನಿಜವಾಗಿಯೂ ಕಡಿಮೆ, ಅದನ್ನು ಒಪ್ಪಬೇಕು. ಮಾಮಾ ಒತ್ತಿದರು. ಅವರಿಗೆ ಸಿಕ್ಕ ಮಿತಿ 500, ಅದರಲ್ಲಿ ಶೇಕಡ 5 ಉಳಿತಾಯಕ್ಕೆ ಅಂತ ಮುರಿದುಕೊಂಡು ಕೈಗೆ ಬಂದದ್ದು 475, ಎರಡು ವಾರದಲ್ಲಿ ತೀರಿಸಬೇಕು. ಎರಡು ಪ್ಯಾಕೆಟ್ ಹಿಟ್ಟು ತಂದು, ಉಳಿದದ್ದರಲ್ಲಿ ಒಂದು ಡಬ್ಬಿ ಇದ್ದಿಲು ಬಂತಷ್ಟೆ. ಹೊತ್ತಿಗೆ ಸರಿಯಾಗಿ ತೀರಿಸಿ, ಮಿತಿ ಮೆಲ್ಲಗೆ ಏರುತ್ತಾ ಅಂತ ನೋಡುತ್ತಾ ಕೂತರು. ಇದಕ್ಕಿಂತ ಕೆಟ್ಟದ್ದು ಬೇರೆ ಇತ್ತು, ಯಾವುದೋ ಸಾಲದ ಆಪ್. ಹೆಸರು ಬೇಡ. ಅದರ ವಸೂಲಿಯವರು ಒಂದು ಸಲ ನನಗೂ ಫೋನ್ ಮಾಡಿದ್ದರು, ಮಾಮಾ ಫೋನಿನಲ್ಲಿ ನನ್ನ ನಂಬರ್ ಇತ್ತಲ್ಲ, ಅದಕ್ಕೆ.

ಅವರು ನಂಬಿದ್ದು ಚಾಮಾ ಒಂದನ್ನೇ. ಹೆಂಗಸರ ಚೀಟಿ ಅದು. ಭಾನುವಾರ ಚರ್ಚ್ ಮುಗಿದ ಮೇಲೆ ಒಬ್ಬರ ಕೋಣೆಯಲ್ಲಿ ಸೇರುತ್ತಾರೆ, ನಾನೂ ಹೋಗಿದ್ದೇನೆ, ಮಂಚದ ಮೇಲೆ ಆರು ಜನ, ನೆಲದ ಮೇಲೆ ಉಳಿದವರು, ಸಕ್ಕರೆ ಸುರಿದ ಹಾಲಿನ ಚಹಾ. ಒಬ್ಬೊಬ್ಬರೂ ನೋಟನ್ನು ಎಲ್ಲರಿಗೂ ಕಾಣುವ ಹಾಗೆ ಎತ್ತಿ ಹಿಡಿದು ಬಟ್ಟಲಿಗೆ ಹಾಕಬೇಕು. ತಡವಾಗಿ ಬಂದರೆ ದಂಡ, ಮೀಟಿಂಗಿನಲ್ಲಿ ಫೋನ್ ಹೊಡೆದುಕೊಂಡರೆ ದಂಡ. ನನ್ನ ಫೋನ್ ಹೊಡೆದುಕೊಂಡಾಗ ನನಗೂ ಹಾಕಿದರು, ಅತಿಥಿ ಅಂತ ಬಿಡಲಿಲ್ಲ. ಬಟ್ಟಲಿನ ದುಡ್ಡು ಅಲ್ಲೇ, ಆಗಲೇ, ಆ ವಾರದ ಸರದಿಯವಳ ಕೈಗೆ. ಪೆಟ್ಟಿಗೆಯಲ್ಲಿ ಒಂದು ರಾತ್ರಿಯೂ ಇಡಲ್ಲ. ಧಾರವಾಡದಲ್ಲಿ ನಮ್ಮಮ್ಮ ಸ್ತ್ರೀಶಕ್ತಿ ಸಂಘದಲ್ಲಿದ್ದಾಗ ಪಾಸ್‌ಬುಕ್ಕು, ಬ್ಯಾಂಕು, ಮೇಡಂ ಬರೋದು ಎಲ್ಲ ಇತ್ತು. ಇಲ್ಲಿ ಅದ್ಯಾವುದೂ ಇಲ್ಲ, ಅದಕ್ಕೇ ನಡೆಯುತ್ತೆ ಅನಿಸುತ್ತೆ. ಮಾಮಾ ನನ್ನ ಸಾಲಕ್ಕೂ ಅದೇ ಪದ್ಧತಿ ಮಾಡಿದರು. ವಾರಕ್ಕೆ 300, ಭಾನುವಾರ ಸಂಜೆ, ನೋಟ್‌ಬುಕ್ಕಿನಲ್ಲಿ ಇಬ್ಬರ ಸಹಿ. ಮಗನಿಗೆ ಟೈಫಾಯ್ಡ್ ಆದಾಗ ಎರಡು ಮೂರು ವಾರ ತಪ್ಪಿತು, ಅದನ್ನೂ ‘ಬಾಕಿ’ ಅಂತ ಅವರೇ ಬರೆಸಿದರು.

ಅವರ ಚಾಮಾ ಸರದಿ ಬಂದ ತಿಂಗಳು ನಮ್ಮಿಬ್ಬರಿಗೆ ಎರಡನೇ ಜಟಾಪಟಿ. ಸಂಜೆ ಆರರಿಂದ ಏಳರವರೆಗೆ ಜನ ಸಾಲು ನಿಂತು, ಕಾದು ಕಾದು ಹೋಗಿಬಿಡುತ್ತಿದ್ದರು, ನಾನೇ ನೋಡಿದ್ದೆ. ಇನ್ನೊಂದು ಒಲೆ, ಇನ್ನೊಂದು ಕಾವಲಿ, ಲಟ್ಟಿಸೋಕೆ ಒಬ್ಬ ಹುಡುಗಿ, ದಿನಕ್ಕೆ ಏಳು ಪ್ಯಾಕೆಟ್. ನಾನು ಕಾಗದದಲ್ಲಿ ಲೆಕ್ಕ ಹಾಕಿ ತೋರಿಸಿದೆ, ಹುಡುಗಿಯ ಕೂಲಿ ಕಳೆದರೂ ಲಾಭ. ಮಾಮಾ ಗಮನವಿಟ್ಟು ಕೇಳಿದರು, ಚೆನ್ನಾಗಿದೆ ಅಂದರು. ಮುಂದಿನ ವಾರ ಆ ದುಡ್ಡಿನಲ್ಲಿ ಗಿಕೊಂಬಾದಿಂದ ಮಕ್ಕಳ ಹಳೇ ಸ್ವೆಟರುಗಳ ಗಂಟು ತಂದರು, ಮಿಟುಂಬಾ ಅಂತಾರಲ್ಲ, ವಿದೇಶದಿಂದ ಬರುವ ಬಳಸಿದ ಬಟ್ಟೆ. ಉಳಿದದ್ದನ್ನು ಊರಲ್ಲಿ ತಾಯಿಗೆ ಎರಡು ಮೇಕೆ ತೆಗೆದುಕೊಳ್ಳೋಕೆ ಕಳಿಸಿದರು.

ನನಗೆ ಸಿಟ್ಟೇ ಬಂತು, ಮುಚ್ಚಿಡೋದೇಕೆ. ಚೆನ್ನಾಗಿ ಓಡುತ್ತಿರುವ ಒಂದು ವ್ಯಾಪಾರ ಬಿಟ್ಟು ಅರೆಬರೆ ಮೂರು ಯಾಕೆ? ಮಾಮಾ ಹೇಳಿದ್ದು: ‘ಬಿಸಿಲಿದ್ದರೆ ಚಪಾತಿ. ಜೂನ್, ಜುಲೈ ಚಳಿಗೆ ಸ್ವೆಟರ್. ಎರಡೂ ಹೋದರೆ ಮೇಕೆ. ಮೇಕೆಯನ್ನು ಬುಲ್‌ಡೋಜರ್ ಕೆಡವಲ್ಲ.’ ಇದು ಸರಿ ಅಂತ ಈಗಲೂ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಎರಡನೇ ಒಲೆ ಇಟ್ಟಿದ್ದರೆ ಒಂದು ವರ್ಷದಲ್ಲಿ ಅವರು ಬಟ್ಟೆ ಒಗೆಯೋದನ್ನು ಪೂರ್ತಿ ಬಿಡಬಹುದಿತ್ತು ಅನ್ನೋದು ನನ್ನ ಲೆಕ್ಕ. ಆದರೆ ಆ ಲೆಕ್ಕ ಆಗೋದು ಮೇಜಿನ ಕೆಳಗಿನ ನೆಲ ಅಲ್ಲೇ ಇರುತ್ತೆ ಅಂತ ಇಟ್ಟುಕೊಂಡರೆ. ಅಂಗಡಿ ಬೆಳೆಯಬಾರದು ಅಂತ ಅವರಿಗೇನೂ ಇರಲಿಲ್ಲ. ಒಂದೇ ಕಡೆ ಬೆಳೆಯೋದು ಬೇಡ ಅಂತ ಇತ್ತು. ಅಲ್ಲಿ ನೂರಾರು ಅಂಗಡಿ ಯಾಕೆ ಮೇಜಿನಷ್ಟೇ ಅಗಲ ಇವೆ ಅಂತ ಕೇಳುವವರು, ಬಂಡವಾಳ ಇಲ್ಲ, ತಿಳುವಳಿಕೆ ಇಲ್ಲ ಅಂತೆಲ್ಲ ಹೇಳೋ ಮೊದಲು ಆ ನೆಲದ ಪತ್ರ ಯಾರ ಹೆಸರಲ್ಲಿದೆ ಅಂತ ನೋಡಲಿ.

2024ರ ಏಪ್ರಿಲ್‌ನಲ್ಲಿ ಮಳೆ ಹಿಡಿಯಿತು. ನೈರೋಬಿಯಲ್ಲಿ ಇದ್ದವರಿಗೆ ಗೊತ್ತು, ಅದು ಮಳೆಯಲ್ಲ. ಮಥಾರೆಯಲ್ಲಿ, ಮುಕುರುವಿನಲ್ಲಿ ನದಿ ಮನೆಗಳ ಒಳಗೇ ಬಂತು, ಜನ ಸತ್ತರು. ಆಮೇಲೆ ಸರ್ಕಾರ ನದಿಯಿಂದ ಮೂವತ್ತು ಮೀಟರ್ ಒಳಗೆ ಯಾರೂ ಇರಬಾರದು ಅಂತ ಹೇಳಿ ಕೆಡವೋಕೆ ಶುರುಮಾಡಿತು. ನೀರು ಏರಿದ ರಾತ್ರಿ ಮಾಮಾ, ಟೊಮೆಟೊ ಮಾರುವಾಕೆ ಸೇರಿ ಮೇಜು ಮಡಚಿ, ಒಲೆ, ಕಾವಲಿ, ಛತ್ರಿ, ಸ್ವೆಟರ್ ಗಂಟು ಎಲ್ಲ ಹೊತ್ತು ಎತ್ತರದಲ್ಲಿದ್ದ ಚರ್ಚ್ ಹಾಲಿಗೆ ಸಾಗಿಸಿದರು. ಕೋಣೆಯೊಳಗೆ ಮೊಣಕಾಲು ನೀರು, ಹಾಸಿಗೆ ಹೋಯಿತು, ಮಗನ ಪುಸ್ತಕ ಹೋಯಿತು. ಬಾಗಿಲು ಭದ್ರ ಮಾಡಿ, ಗೋಡೆ ಕಟ್ಟಿ, ಫ್ರಿಜ್ ಇಟ್ಟು ಬೆಳೆದಿದ್ದ ಕೋಳಿ ಅಂಗಡಿಯೊಂದು ಅದೇ ಓಣಿಯ ಕೆಳಗಿತ್ತು, ಪೂರ್ತಿ ಹೋಯಿತು. ಆ ಹಾಲಿನಲ್ಲಿ ಇನ್ನೂ ಜನ ಮಲಗಿದ್ದಾಗಲೇ ಮಾಮಾ ಅದರ ಅಂಗಳದಲ್ಲಿ ಚಪಾತಿ ಶುರುಮಾಡಿದ್ದರು. ಮೊದಲ ದಿನ ದುಡ್ಡು ತಗೊಳ್ಳಲಿಲ್ಲ, ಎರಡನೇ ದಿನದಿಂದ ತಗೊಂಡರು. ಎರಡೂ ಸರಿ ಅನಿಸಿತು ನನಗೆ.

ನಾವು ಅದೇ ವರ್ಷ ಊರಿಗೆ ವಾಪಸ್ ಬಂದೆವು. ಸಾಲ ಅಷ್ಟರೊಳಗೆ ತೀರಿತ್ತು. ನೈರೋಬಿಯಲ್ಲಿರುವ ನಮ್ಮ ಕಡೆಯವರು ಕೆಲವರು, ಮನೆ ಕೆಲಸದವರಿಗೆ ಹೀಗೆ ಕೊಡೋಣ ಅಂತಿದ್ದೀವಿ, ಎಷ್ಟು ಕೊಡಬೇಕು, ಹೇಗೆ ಅಂತ ಕೇಳುತ್ತಾರೆ. ಒಂದೆರಡು ಮಾತು ಹೇಳಬಹುದು. ಬಿಡಿ ನೋಟು ಕೊಡೋದಕ್ಕಿಂತ ಸಾಮಾನು ಕೊಡಿಸೋದು ಒಳ್ಳೆಯದು, ಆದರೆ ಯಾವ ಸಾಮಾನು ಅನ್ನೋದನ್ನು ಅವರೇ ಆರಿಸಲಿ, ಕಮುಕುಂಜಿಯಲ್ಲಿ ನಿಮಗೆ ಕಾವಲಿ ನೋಡೋಕೆ ಬರಲ್ಲ. ಕಂತು ವಾರದ್ದು ಇರಲಿ, ತಿಂಗಳದ್ದು ಬೇಡ, ತಿಂಗಳ ಕೊನೆಗೆ ಬಾಡಿಗೆಯವನು ನಿಮಗಿಂತ ಮೊದಲು ಬಂದಿರುತ್ತಾನೆ. ಓಣಿಯಲ್ಲಿ ಯಾರಿಗೂ ನಿಮ್ಮ ದುಡ್ಡು ಅಂತ ಗೊತ್ತಾಗೋದು ಬೇಡ. ಮತ್ತೆ ಶಾಲೆ ಫೀಸು ಕಟ್ಟುವ ಜನವರಿ, ಮೇ, ಆಗಸ್ಟ್‌ನಲ್ಲಿ ಕೊಡಬೇಡಿ, ಅದು ಹಿಟ್ಟಾಗಲ್ಲ, ಫೀಸಾಗುತ್ತೆ. ಫೀಸಿಗೇ ಕೊಡುವುದಾದರೆ ಫೀಸು ಅಂತಲೇ ಹೇಳಿ ಕೊಡಿ.

ಮಾಮಾ ಈಗ ಹೊಸ ಜಾಗದಲ್ಲಿದ್ದಾರೆ, ಮೊದಲಿನದಕ್ಕಿಂತ ಗಿರಾಕಿ ಕಡಿಮೆ, ಜಾಗದ ಬಾಡಿಗೆಯೂ ಕಡಿಮೆ. ಚಪಾತಿ ಈಗಲೂ 20, ಸ್ವಲ್ಪ ತೆಳುವಾಗಿದೆ ಅಂತ ಅವರೇ ನಕ್ಕರು. ಸಂಜೆ ಲಟ್ಟಿಸೋಕೆ ಅಣ್ಣನ ಮಗಳು ಬಂದಿದ್ದಾಳಂತೆ, ಊರಿಂದ. ಹಾಗಾದರೆ ಎರಡನೇ ಒಲೆ ಇಟ್ಟಿರಾ ಅಂದೆ. ಇಲ್ಲ, ಅವಳು ಬಂದ ಮೇಲೆ ತಾನು ಸ್ವೆಟರ್ ಮಾರೋಕೆ ಹೋಗುತ್ತೇನೆ ಅಂದರು.